ಏಳು ಕಂಬಳಿಗಳ ಬೇಸಿಗೆ

ಹೋದ ತಿಂಗಳು ಊಟಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸ್ವೆಟರ್ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಒಳಗೆ ಮೂರು ಗೋಡೆ ತುಂಬ ಉಣ್ಣೆಯ ಸ್ವೆಟರು, ಮಂಕಿ ಕ್ಯಾಪು, ಶಾಲು, ಕೈಗವಸು. ನಡುವೆ ಅಂಗಡಿಯ ಹೆಂಗಸು ಕುತ್ತಿಗೆಗೆ ಕರ್ಚೀಫು ಸಿಕ್ಕಿಸಿಕೊಂಡು ಟೇಬಲ್ ಫ್ಯಾನಿನ ಎದುರು ಕೂತಿದ್ದಳು. ಫ್ಯಾನು ಆ ಕಡೆ ಈ ಕಡೆ ತಲೆಯಾಡಿಸುತ್ತ ಸ್ವೆಟರುಗಳ ನುಸಿಗುಳಿಗೆಯ ವಾಸನೆಯನ್ನೆಲ್ಲ ಬಾಚಿ ರಸ್ತೆಗೆ ತಳ್ಳುತ್ತಿತ್ತು. ಒಳಗೆ ಬನ್ನಿ, ಚಳಿಗೆ ಬಹಳ ಚೆನ್ನಾಗಿರುತ್ತೆ ಎಂದು ಅವಳು ತಮಿಳಿನಲ್ಲಿ ಕರೆದಳು, ಹಣೆಯ ಬೆವರು ಒರೆಸಿಕೊಳ್ಳುತ್ತಲೇ. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಆ ವಾಸನೆ ಮೂಗಿಗೆ ಸರಿಯಾಗಿ ಇಳಿಯಿತು, ನಗು ಹೋಯಿತು.

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಕೋಟಗಿರಿ ಹತ್ತಿರ ಕೂಕಲ್ತೊರೈ ಆಚೆಯ ಒಂದು ಹಟ್ಟಿ, ಆ ಹಟ್ಟಿಯ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಒಂದರ ಮೇಲೊಂದು ಏಳು ಕಂಬಳಿ, ಕಂಬಳಿಗಳ ಕೆಳಗೆ ಮಾದಿ ಹೆತ್ತೆ ಎಂಬ ಮುದುಕಿ, ಇಷ್ಟೂ ಒಟ್ಟಿಗೇ ಕಣ್ಣಮುಂದೆ ಬರುತ್ತವೆ. ನಾನು ಸರ್ಕಾರಿ ನರ್ಸು. ಇಷ್ಟು ವರ್ಷದ ನೌಕರಿಯಲ್ಲಿ ಜನ ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ್ದು ಒಂದೇ ಒಂದು ಸಲ. ಆ ಸಲ ಒಂದು ಜೀವ ಹೋಗುವುದರಲ್ಲಿತ್ತು.

ನಾನು ಹುಟ್ಟಿ ಬೆಳೆದದ್ದು ಮಸಿನಗುಡಿಯಲ್ಲಿ. ಜಿಲ್ಲೆ ಒಂದೇ ಆದರೂ ನಮ್ಮದು ಬೆಟ್ಟದ ಬುಡ. ಮಾರ್ಚ್ ಬಂತೆಂದರೆ ಕಾಡು ಒಣಗಿ ಕಡ್ಡಿಯಾಗುತ್ತದೆ, ಜಿಂಕೆಗಳು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಸುತ್ತ ನಿಂತ ನೀರಿಗೆ ಬರುತ್ತವೆ. ನಮ್ಮವ್ವ ಮಧ್ಯಾಹ್ನವಾದರೆ ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಮಜ್ಜಿಗೆ ಚೊಂಬು ಪಕ್ಕದಲ್ಲಿಟ್ಟುಕೊಂಡು, ಯಾರು ಕರೆದರೂ ಎದ್ದು ಬರುತ್ತಿರಲಿಲ್ಲ. ಬಿಸಿಲಿಗೆ ಸೋತೆ ಎಂದು ಹೇಳಿಕೊಳ್ಳಲು ನಮ್ಮ ಕಡೆ ಯಾರಿಗೂ ನಾಚಿಕೆಯಿಲ್ಲ. ಅಂಥ ಊರಿನವಳಾದ ನನ್ನನ್ನು ತಂದು ಚಹಾ ತೋಟದ ಬೆಟ್ಟದ ಮೇಲೆ ಹಾಕಿದರು. ನಾನು ಮೇ ತಿಂಗಳಲ್ಲೂ ಎರಡು ಸ್ವೆಟರ್ ಹಾಕುತ್ತಿದ್ದೆ. ಹಟ್ಟಿಯ ಹೆಂಗಸರು ದೂರದಿಂದಲೇ ನೋಡಿ, "ಮೂಟೆ ಬಂತು, ಮೂಟೆ ಬಂತು" ಎಂದು ನಗುತ್ತಿದ್ದರು.

ಹಟ್ಟಿಯವರೆಲ್ಲ ಬಡಗರು, ಒಂದೆರಡು ಎಕರೆ ಚಹಾ ಇಟ್ಟುಕೊಂಡವರು. ಅವರ ಮಾತು ನನ್ನ ಕಿವಿಗೆ ಹೊಕ್ಕಷ್ಟು ಸಲೀಸಾಗಿ ಬರವಣಿಗೆಗೆ ಇಳಿಯುವುದಿಲ್ಲ. ಆದ್ದರಿಂದ ಇಲ್ಲಿ ಅವರು ಆಡುವುದು ಅರ್ಧ ಅವರ ಮಾತು, ಅರ್ಧ ನನ್ನದು. ತಪ್ಪಿದ್ದರೆ ಅವರೇ ನಕ್ಕುಬಿಡಲಿ.

ನನ್ನ ಪ್ರತಾಪ ಶುರುವಾದದ್ದು ಒಂದು ಜನವರಿಯಲ್ಲಿ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕಟ್ಟಿದ ಬೆಳಗ್ಗೆ ಬೆಳ್ಳಿ ಅಜ್ಜ ಕೋಸಿನ ಹೊಲದಲ್ಲಿ ಮರಗಟ್ಟಿ ಬಿದ್ದಿದ್ದರು. ನಾನು ಓಡಿಹೋಗಿ ಮನೆಯೊಳಗೆ ಹಾಕಿಸಿ, ಕಂಬಳಿ ಹೊದಿಸಿ, ಬಾಟಲಿಗಳಲ್ಲಿ ಬಿಸಿನೀರು ತುಂಬಿ ಪಕ್ಕೆಗಿಟ್ಟು, ಬಿಸಿ ಕಾಫಿ ಕುಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅಜ್ಜ ಎದ್ದು ಕೂತು ಬೀಡಿ ಕೇಳಿದರು. ಅಷ್ಟೇ ನೋಡಿ, ನಾನು ದೊಡ್ಡ ಮನುಷ್ಯಳಾಗಿಬಿಟ್ಟೆ. ಬಿಸಿ ಆರುವ ಮೊದಲೇ ಮೂರು ಸೂತ್ರ ಕಟ್ಟಿದೆ: ಯಾರಾದರೂ ನಡುಗುತ್ತಾ ಬಿದ್ದರೆ ಕಿಟಕಿ ಮುಚ್ಚು, ಕಂಬಳಿ ಹೊದಿಸು, ಬಿಸಿ ಕುಡಿಸು. ಮನೆಮನೆಗೂ ಹೋಗಿ ಹೇಳಿದೆ. ಹೇಳಿಸಿದೆ. ಎರಡು ಚಳಿಗಾಲ ಬಿಡದೆ ಹೇಳಿಸಿದೆ. ರಕ್ತದೊತ್ತಡದ ಮಾತ್ರೆ ನುಂಗಿ ಎಂದರೆ ಕೇಳದವರು, ಉಪ್ಪು ಕಡಿಮೆ ಮಾಡಿ ಎಂದರೆ ಉಪ್ಪಿನಕಾಯಿ ಕೊಟ್ಟು ಕಳಿಸುವವರು, ಇದನ್ನು ಮಾತ್ರ ಬಾಯಿಪಾಠ ಮಾಡಿದರು. ನಾನು ರಸ್ತೆಯಲ್ಲಿ ಹೋದರೆ ಬಾಗಿಲಿಂದ ಯಾರಾದರೂ "ಕಿಟಕಿ ಮುಚ್ಚು" ಎನ್ನುವರು, ಎದುರು ಮನೆಯಿಂದ "ಕಂಬಳಿ ಹೊದಿಸು" ಎಂದು ಉತ್ತರ ಬರುವುದು. ಬೆಳ್ಳಿ ಅಜ್ಜರಂತೂ ಬದುಕುಳಿದ ಅನುಭವಸ್ಥರೆಂದು ತಾವೇ ಊರಿಗೆಲ್ಲ ಪಾಠ ಮಾಡತೊಡಗಿದರು.

ಕೇಳದಿದ್ದವಳು ಮಾದಿ ಹೆತ್ತೆ ಒಬ್ಬಳೇ. ಹೆತ್ತೆ ಎಂದರೆ ಅಜ್ಜಿ. ಎಪ್ಪತ್ತು ದಾಟಿದ್ದರೂ ತೋಟದಲ್ಲಿ ಎಲೆ ಕೀಳುವ ಸಾಲಿನ ತಲೆಯಲ್ಲಿ ಅವಳೇ. ನಾನು ಕೊಟ್ಟ ಮಾತ್ರೆಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಜೋಪಾನವಾಗಿ ಇಟ್ಟಿದ್ದಳು. ಕೇಳಿದರೆ, "ಬೇಕಾದಾಗ ಇರಲಿ, ಈಗೇನ ಅವಸರ" ಎನ್ನುತ್ತಿದ್ದಳು. ಅವಳ ಮಗ ಭೋಜಣ್ಣ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಸೊಸೆ ಸುಮತಿ ಮಾಮಿ ಮಾಮಿ ಎನ್ನುತ್ತ ಅತ್ತೆಯ ಹಿಂದೆಯೇ ಎಲೆ ಕೀಳುತ್ತಿದ್ದಳು, ಅತ್ತೆಯ ಬೈಗುಳವನ್ನೂ ಕೇಳುತ್ತಿದ್ದಳು.

ಇನ್ನು ಆ ಬೇಸಿಗೆ. ಅದು ಫೆಬ್ರವರಿಯಲ್ಲೇ ಬಂದು ಕೂತಿತು. ಸಂಜೆ ನಾಲ್ಕಕ್ಕೆ ಕಣಿವೆಯಿಂದ ಏಳುತ್ತಿದ್ದ ಮಂಜು ಬರಲಿಲ್ಲ. ಏಪ್ರಿಲ್‌ನಲ್ಲಿ ಬೀಳಬೇಕಾದ ಮಳೆಯೂ ಇಲ್ಲ. ಚಹಾ ಗಿಡಗಳ ಚಿಗುರಿನ ಅಂಚು ಇಸ್ತ್ರಿ ತಾಗಿದಂತೆ ಕಂದಿತು. ಹಟ್ಟಿಯ ಮೇಲಿನ ಒರತೆ ಬೆರಳು ಗಾತ್ರವಾಗಿ, ಆಮೇಲೆ ದಾರದಷ್ಟಾಗಿ, ಕೊನೆಗೆ ಕಾಯ್ದು ಕೂತವರಿಗೆ ಮಾತ್ರ ಒಂದು ಕೊಡ ಕೊಡುವಂತಾಯಿತು. ಎಲ್ಲರೂ ಪರದಾಡುತ್ತಿದ್ದರು. ನಾನು ಮಾತ್ರ, ಹೇಳಲು ನಾಚಿಕೆಯಾಗುತ್ತದೆ, ಆನಂದವಾಗಿದ್ದೆ. ಎರಡು ಸ್ವೆಟರಿನಿಂದ ಒಂದಕ್ಕಿಳಿದೆ, ಒಂದರಿಂದ ಸೊನ್ನೆಗೆ. ಕೀಲು ನೋವು ಹೋಯಿತು. ಬೆಳಗ್ಗೆ ತಣ್ಣೀರಲ್ಲಿ ಮುಖ ತೊಳೆದು, ದೇವರು ಕೊನೆಗೂ ನನ್ನ ಮೇಲೆ ಕಣ್ಣು ಬಿಟ್ಟ ಎಂದುಕೊಂಡೆ. ಮಸಿನಗುಡಿಯವಳಿಗೆ ಹಿತವಾದ ಬಿಸಿಲು ಬೆಟ್ಟದವರಿಗೆ ಏನಾಗಬಹುದು ಎಂದು ನರ್ಸಾದ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಭೋಜಣ್ಣ ಕೊಯಮತ್ತೂರಿನಿಂದ ಒಂದು ಸೀಲಿಂಗ್ ಫ್ಯಾನ್ ತಂದ. ಹಟ್ಟಿಗೆ ಬಂದ ಮೊದಲ ಫ್ಯಾನು. ಹಳೆಯ ಮನೆ, ಚಳಿ ತಡೆಯಲೆಂದು ತಗ್ಗಾಗಿ ಕಟ್ಟಿದ ಅಟ್ಟ. ಸಿಕ್ಕಿಸಿದ ಮೇಲೆ ನೋಡಿದರೆ ರೆಕ್ಕೆಗಳು ಭೋಜಣ್ಣನ ಕಿವಿಯ ಮಟ್ಟಕ್ಕಿದ್ದವು. ಬಿಚ್ಚಲು ಮನಸ್ಸಾಗದೆ ಮನೆಯಲ್ಲೊಂದು ಕಾನೂನು ಮಾಡಿದ: ಫ್ಯಾನ್ ತಿರುಗುವಾಗ ಯಾರೂ ನಿಲ್ಲಬಾರದು. ಸುಮತಿ ಅಡುಗೆಮನೆಯಿಂದ ಚಹಾ ತಟ್ಟೆ ಹಿಡಿದು ಮೊಣಕಾಲಲ್ಲಿ ಬರುತ್ತಿದ್ದಳು. ನೆಂಟರು ಹೊಸ್ತಿಲಲ್ಲೇ ಕೂತು ತೆವಳಿಕೊಂಡು ಒಳಗೆ ಬರುತ್ತಿದ್ದರು. ಹೆತ್ತೆ ಮಾತ್ರ ಬಾಗಲು ಒಪ್ಪದೆ ಹೊರಗಿನ ಜಗಲಿಯಲ್ಲೇ ಕೂತಳು, ಮೈಮೇಲೆ ಸ್ವೆಟರು, ತಲೆಗೆ ಉಣ್ಣೆ ಟೋಪಿ ಸಮೇತ.

"ಹೆತ್ತೆ, ಈ ಬಿಸಿಲಲ್ಲಿ ಸ್ವೆಟರ್ ಯಾಕೆ?" ಎಂದು ಒಮ್ಮೆ ಕೇಳಿದ್ದೆ.

"ಬಿಸ್ಲು ಕೆಳಗಿನವರಿಗೆ," ಎಂದಳು. ಕೆಳಗಿನವರು ಎಂದರೆ ಬಯಲಿನವರು, ನಾನೂ ಸೇರಿ. "ನಂಗ ಹಟ್ಟಿಲಿ ಬಿಸ್ಲಿಗೆ ಬಿದ್ದೋರು ಒಬ್ಬರೂ ಇಲ್ಲೆ. ಎಲೆ ಕೀಳೋ ಕೈ ಸ್ವೆಟರ್ ಬಿಚ್ಚಿದರೆ ಸಳಿ ಹಿಡಿಯೋದು." ಅವರ ಬಾಯಲ್ಲಿ ನಂಗ ಎಂದರೆ ನಾವು, ನಮ್ಮ; ಸಳಿ ಎಂದರೆ ಚಳಿ.

ಅವಳೊಬ್ಬಳೇ ಅಲ್ಲ. ಎಲೆ ಕೀಳುವ ಹೆಂಗಸರೆಲ್ಲ ಒಳಗೊಂದು ಸ್ವೆಟರ್, ಅದರ ಮೇಲೆ ಗಂಡನ ಹಳೆಯ ಶರ್ಟು, ಗಿಡದ ಒದ್ದೆ ತಾಗದಿರಲೆಂದು ಸೊಂಟದ ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ. ಒದ್ದೆ ಎಲ್ಲಿತ್ತು ಆ ವರ್ಷ? ಆದರೂ ಹಾಳೆ ಕಟ್ಟದೆ ತೋಟಕ್ಕೆ ಇಳಿದರೆ ಏನೋ ಬಿಟ್ಟು ಬಂದ ಹಾಗೆ ಅನಿಸುತ್ತದಂತೆ. ನೀರೂ ಕುಡಿಯುತ್ತಿರಲಿಲ್ಲ. ಕುಡಿದರೆ ತೋಟದ ನಡುವೆ ಎಲ್ಲಿಗೆ ಹೋಗುವುದು ಎಂಬ ಕಷ್ಟ ಹೆಂಗಸರದ್ದು. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸೂತ್ರ ಮಾತ್ರ ಚಳಿಯದ್ದೇ ಹೇಳುತ್ತಿದ್ದೆ.

ಅದೇ ಸಮಯಕ್ಕೆ ಕಾರುಗಳ ಸಾಲು ಬೇರೆ. ಕೊಯಮತ್ತೂರು, ಚೆನ್ನೈ ಎಲ್ಲ ಕಡೆಯಿಂದ ತಂಪು ಹುಡುಕಿಕೊಂಡು ಬಂದವರು ರಸ್ತೆ ತುಂಬ ನಿಂತು, ಎಸಿ ರೂಮು ಎಲ್ಲಿ ಸಿಗುತ್ತೆ ಎಂದು ಕೇಳುತ್ತಿದ್ದರು. ಬೆಳ್ಳಿ ಅಜ್ಜರನ್ನು ಒಬ್ಬ ಕಾರಿನವನು ಹೀಗೆ ಕೇಳಿದನಂತೆ. ಅಜ್ಜ ಬಹಳ ಹೊತ್ತು ಯೋಚಿಸಿ, "ಮೂರು ಮೈಲಿ ಹೋಗಿ, ಬಲಕ್ಕೆ ತಿರುಗಿ, ಜನವರಿಯಲ್ಲಿ ಬನ್ನಿ" ಎಂದರಂತೆ.

ಅವರ ಹಿಂದೆಯೇ ಐಸ್ ಮಾರುವ ಮುರುಗೇಶಣ್ಣ ಬಂದ. ಬೆಟ್ಟದ ಕೆಳಗಿನ ಮೇಟ್ಟುಪಾಳಯದವನು, ಐವತ್ತು ದಾಟಿದ ಮನುಷ್ಯ. ಮೊಪೆಡ್ಡಿನ ಹಿಂದೆ ಐಸ್ ಪೆಟ್ಟಿಗೆ, ಮುಂದೆ ಪಾಂ ಪಾಂ ಎನ್ನುವ ರಬ್ಬರಿನ ಹಾರ್ನು. ನಮ್ಮ ಹಟ್ಟಿಗೆ ಐಸ್ ಮಾರುವವನು ಬಂದದ್ದು ಅದೇ ಮೊದಲು. ಮಾದಿ ಹೆತ್ತೆ ಎಲೆ ಬುಟ್ಟಿ ಸಮೇತ ಎದ್ದುಬಂದು ಅವನ ಮುಂದೆ ನಿಂತಳು. "ಕೂಸುಗಳ ಎದೆಗೆ ಸಳಿ ಕಟ್ಟಿಸೋಕೆ ಬಂದೆಯಾ? ಗಾಡಿ ತಿರುಗಿಸು!" ಅವನಿಗೆ ಬಡಗ ಬಾರದು, ಆದರೆ ಬುಟ್ಟಿ ಎತ್ತಿದ ರೀತಿ ಎಲ್ಲ ಭಾಷೆಯಲ್ಲೂ ಒಂದೇ. ಗಾಡಿ ತಿರುಗಿಸಿದ. ಹಟ್ಟಿಯ ಕೆಳಗಿನ ತಿರುವಿನಲ್ಲಿ, ಹೆತ್ತೆಯ ಕಣ್ಣಿಗೆ ಬೀಳದ ಕಡೆ, ಒಂದು ಮರದಡಿ ಬೀಡುಬಿಟ್ಟ. ದಿನಾ ಮಧ್ಯಾಹ್ನ ನಾನು ಆ ಕಡೆ ಸುತ್ತಾಟಕ್ಕೆ ಹೋಗುತ್ತಿದ್ದೆ. ಮಕ್ಕಳ ಆರೋಗ್ಯ ವಿಚಾರಿಸಲು ಎಂದು ಹೇಳುತ್ತಿದ್ದೆ. ಅವನ ಮರದಡಿ ಮಕ್ಕಳಿಗಿಂತ ಎಲೆ ಕೀಳುವ ಹೆಂಗಸರೇ ಜಾಸ್ತಿ, ಎಲ್ಲರೂ ಗುಟ್ಟಾಗಿ, ಯಾರೂ ಯಾರ ಮುಖವನ್ನೂ ನೋಡದೆ.

ಆ ದಿನವೂ ಅಲ್ಲೇ ಇದ್ದೆ. ಕೈಯಲ್ಲಿ ಆರೆಂಜ್ ಕಡ್ಡಿ ಐಸು. ಫೋನು ಬಂತು. ಸುಮತಿ.

"ನರ್ಸಮ್ಮ, ಮಾಮಿ ತೋಟದಲ್ಲಿ ಬಿದ್ದುಬಿಟ್ಟರು. ಈಗ ಏನೇನೋ ಮಾತಾಡ್ತಾರೆ. ಬಿದ್ದಾಗ ಗಡಗಡ ನಡುಗ್ತಾ ಇದ್ದರು. ನೀವು ಹೆದರಬೇಡಿ, ನೀವು ಹೇಳಿಕೊಟ್ಟ ಹಾಗೇ ಎಲ್ಲಾ ಮಾಡಿದ್ದೀವಿ."

"ಏನು ಮಾಡಿದ್ದೀರಿ?"

"ಶೆಡ್ಡಿಗೆ ಎತ್ತಿಕೊಂಡು ಬಂದು ಕಿಟಕಿ ಮುಚ್ಚಿದ್ದೀವಿ, ಕಂಬಳಿ ಹೊದಿಸಿದ್ದೀವಿ, ಈಗ ಬಿಸಿ ಕುಡಿಸ್ತಾ ಇದ್ದೀವಿ."

ಕೈಯ ಐಸು ಯಾವಾಗ ಬಿತ್ತೋ ತಿಳಿಯದು. "ತೆಗೀರಿ! ಎಲ್ಲಾ ತೆಗೀರಿ!" ಎಂದು ಕಿರುಚಿದೆ. ಕಣಿವೆಯಲ್ಲಿ ಸಿಗ್ನಲ್ ಹೋಗಿತ್ತು. ಮುರುಗೇಶಣ್ಣನ ಮೊಪೆಡ್ ಹತ್ತಿ, ಪೆಟ್ಟಿಗೆಗೂ ಅವನಿಗೂ ನಡುವೆ ಸಿಕ್ಕಿಕೊಂಡು, ಹೊರಡಣ್ಣ ಎಂದೆ. ಅವನು ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. ದಾರಿಯುದ್ದಕ್ಕೂ ಹಾರ್ನು ಒತ್ತುತ್ತಾ ಹೋದ. ಹಟ್ಟಿಯ ಮಕ್ಕಳು ಐಸ್ ಬಂತೆಂದು ಹಿಂದೆ ಓಡಿಬಂದವು.

ಎಲೆ ತೂಕ ಮಾಡುವ ಶೆಡ್ಡು ಅದು, ಮೇಲೆ ತಗಡು, ಸುತ್ತ ತಗಡು. ಬಾಗಿಲು ತಳ್ಳಿದರೆ ಮುಖಕ್ಕೆ ಹಬೆ ಹೊಡೆಯಿತು, ಅದರ ಜೊತೆ ನುಸಿಗುಳಿಗೆಯ ವಾಸನೆ. ಚಳಿಗಾಲ ಮುಗಿದು ಪೆಟ್ಟಿಗೆ ಸೇರಿದ್ದ ಕಂಬಳಿಗಳನ್ನು ಮನೆಗೊಂದರಂತೆ ಹೊತ್ತು ತಂದಿದ್ದರು. ಒಳಗೆ ಹನ್ನೆರಡು ಜನ ಉಸಿರು ಬಿಡುತ್ತಾ ನಿಂತಿದ್ದಾರೆ. ನಡುವೆ ನೆಲದ ಮೇಲೊಂದು ಬೆಟ್ಟ. ಬೆಟ್ಟದ ತುದಿಯಲ್ಲಿ ಉಣ್ಣೆ ಟೋಪಿಯೊಳಗೆ ಹೆತ್ತೆಯ ಕೆಂಪು ಮುಖ. ಪಕ್ಕದಲ್ಲಿ ಬೆಳ್ಳಿ ಅಜ್ಜ ಮೇಸ್ತ್ರಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಏಳು ಹಾಕಿದ್ದೀವಿ," ಎಂದರು ನನ್ನನ್ನು ನೋಡಿ, ಮೆಚ್ಚುಗೆಗೆ ಕಾಯುತ್ತಾ. "ಎನಗ ನೀ ಹಾಕಿದ್ದು ನಾಕೇ."

ಹೆತ್ತೆಯ ಕೆನ್ನೆ ಮುಟ್ಟಿದೆ. ದೋಸೆ ಹೆಂಚು ಮುಟ್ಟಿದ ಹಾಗಿತ್ತು. ಬೆವರು ಒಂದು ಹನಿಯಿಲ್ಲ. ಕಣ್ಣು ಅರ್ಧ ತೆರೆದು ನನ್ನನ್ನು ಯಾರದೋ ಹೆಸರಿನಿಂದ ಕರೆದಳು. ಅದು ತೀರಿಹೋದ ಅವಳ ಅಕ್ಕನ ಹೆಸರೆಂದು ಆಮೇಲೆ ಗೊತ್ತಾಯಿತು. ನಾನು ಮೇಲಿನ ಕಂಬಳಿ ಎಳೆದೆ. ಬೆಳ್ಳಿ ಅಜ್ಜ ಅದನ್ನೇ ಎತ್ತಿ ಮತ್ತೆ ಹೊದಿಸಿದರು. ನಾನು ಎರಡು ಎಳೆದೆ. ಅವರು ಎರಡು ಹೊದಿಸಿದರು. ಎಪ್ಪತ್ತೈದರ ಮುದುಕನ ಕೈಯಲ್ಲಿ ಅಷ್ಟು ಕಸುವಿದೆಯೆಂದು ನನಗೆ ಗೊತ್ತಿರಲಿಲ್ಲ. ಕಂಬಳಿಯ ಒಂದು ಕೊನೆ ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ, ಇಬ್ಬರೂ ಹಗ್ಗ ಜಗ್ಗಾಡುವ ಹಾಗೆ.

"ಬಿಡಿ ಅಜ್ಜಾ, ಇದು ಚಳಿ ಅಲ್ಲ!"

"ನಡುಗಿದಳಲ್ಲ! ನಡುಗಿದರೆ ಹೊದಿಸು ಅಂತ ನೀನೇ ಹೇಳಿದ್ದು!"

"ನಾನೇ ಹೇಳಿದ್ದು, ಈಗ ನಾನೇ ಬೇಡ ಅಂತಿದ್ದೀನಿ!"

"ಎರಡು ವರ್ಷ ಹೇಳಿದ್ದನ್ನ ಎರಡು ನಿಮಿಷಕ್ಕೆ ಬದಲಿಸಿದರೆ ನಂಗ ಯಾವುದನ್ನ ಕೇಳೋದು?"

ಹಿಂದಿನಿಂದ ಹೆಂಗಸರ ದನಿ, ಮೆಲ್ಲಗೆ, ಭಕ್ತಿಯಿಂದ: "ಕಿಟಕಿ ಮುಚ್ಚು, ಕಂಬಳಿ ಹೊದಿಸು..." ಭೋಜಣ್ಣ ಅವ್ವನ ಕಾಲ ಬಳಿ ಕೂತು ಅಳುತ್ತಾ ಬಿಸಿನೀರಿನ ಬಾಟಲಿ ಒತ್ತಿ ಹಿಡಿದಿದ್ದ. ನನ್ನನ್ನೇ ಕಟ್ಟಿಹಾಕಲು ನಾನೇ ಹೊಸೆದ ಹಗ್ಗ.

ಆಗ ಮುರುಗೇಶಣ್ಣ ಯಾರನ್ನೂ ಕೇಳದೆ ಒಳಗೆ ನುಗ್ಗಿ ಹೆತ್ತೆಯ ಹಣೆಯ ಮೇಲೆ ಕೈಯಿಟ್ಟ. ಕೈ ಹಿಂದಕ್ಕೆ ಎಳೆದುಕೊಂಡು ಭೋಜಣ್ಣನಿಗೆ ತಮಿಳಿನಲ್ಲಿ ಹೇಳಿದ: "ತಂಬಿ, ಇದು ವೆಯಿಲ್, ಬಿಸಿಲಿನ ಹೊಡೆತ. ನಮ್ಮ ಊರಲ್ಲಿ ಪ್ರತಿ ವರ್ಷ ಬೀಳ್ತಾರೆ. ನನ್ನ ಅಣ್ಣ ಹೀಗೇ ಬಿದ್ದ. ಎದ್ದೇಳಲಿಲ್ಲ." ಅಷ್ಟು ಹೇಳಿ ಹೊರಗೆ ಹೋಗಿ ಪೆಟ್ಟಿಗೆಯನ್ನೇ ಬಿಚ್ಚಿ ತಂದು ನೆಲಕ್ಕಿಟ್ಟ. ಭೋಜಣ್ಣ ಬಾಟಲಿ ಬಿಟ್ಟ. ಬೆಳ್ಳಿ ಅಜ್ಜರ ಕೈಯೂ ಸಡಿಲವಾಯಿತು.

ಗಂಡಸರನ್ನೆಲ್ಲ ಹೊರಗಟ್ಟಿ, ಬಾಗಿಲು ಕಿಟಕಿ ತೆರೆಸಿದೆ. ಕಂಬಳಿ ಏಳು ಹೋದವು. ಒಳಗೆ ಶರ್ಟು, ಶರ್ಟಿನೊಳಗೆ ಸ್ವೆಟರು, ಸ್ವೆಟರಿನೊಳಗೆ ಇನ್ನೊಂದು ಸ್ವೆಟರು. ಕತ್ತರಿ ಹಾಕಿದೆ. "ಅಯ್ಯೋ, ಮಾಮಿ ಕೊಂದುಹಾಕ್ತಾರೆ, ಅದು ಅವರ ಮದುವೆ ಸ್ವೆಟರು" ಎಂದಳು ಸುಮತಿ. "ಕೊಲ್ಲೋಕಾದರೂ ಬದುಕಲಿ" ಎಂದೆ. ಒರತೆಯಲ್ಲಿ ಕಾಯ್ದು ತುಂಬಿಸಿದ್ದ ಕೊಡಗಳು ಒಂದೊಂದಾಗಿ ಬಂದವು, ಕುಡಿಯಲು ಇಟ್ಟ ನೀರು, ಯಾರೂ ಎರಡು ಮಾತಾಡಲಿಲ್ಲ. ಎಲೆ ಕಟ್ಟುವ ಬಟ್ಟೆಗಳನ್ನು ಅದ್ದಿ ಮೈಗೆ ಸುತ್ತಿದೆವು. ಮೊರ, ತಟ್ಟೆ, ಕೈಗೆ ಸಿಕ್ಕಿದ್ದರಿಂದ ಹೆಂಗಸರು ಗಾಳಿ ಬೀಸಿದರು.

"ಐಸ್ ಕೊಡಣ್ಣ!"

"ಕಪ್ ಐಸು ಬೇಡಮ್ಮ, ಅದು ಮೆತ್ತಗೆ," ಎಂದ ಮುರುಗೇಶಣ್ಣ ಬಾಗಿಲಾಚೆಯಿಂದ, ಮುಖ ಆ ಕಡೆ ಮಾಡಿಕೊಂಡೇ. "ಕಡ್ಡಿ ಐಸು ಗಟ್ಟಿ. ಆರೆಂಜ್, ಗ್ರೇಪ್, ಮ್ಯಾಂಗೋ ಇದೆ. ಯಾವುದು?"

"ಎಲ್ಲಾ!"

ಕಂಕುಳಿಗೆ ಆರೆಂಜು, ಕುತ್ತಿಗೆಗೆ ಗ್ರೇಪು, ತೊಡೆಸಂದಿಗೆ ಮ್ಯಾಂಗೋ. ಕರಗಿದಂತೆ ಹೊಸದು. ನಾನು ಕಲಿತ ಯಾವ ಪುಸ್ತಕದಲ್ಲೂ ಇಂಥ ಚಿಕಿತ್ಸೆ ಇರಲಿಲ್ಲ. ಹೊರಗೆ ಮಕ್ಕಳು ಸಾಲಾಗಿ ನಿಂತು, ಇಷ್ಟು ಐಸನ್ನು ಒಬ್ಬಳಿಗೇ ಕೊಡುತ್ತಿದ್ದಾರಲ್ಲ ಎಂದು ದಂಗಾಗಿ ನೋಡುತ್ತಿದ್ದವು.

ಪಿಕಪ್ಪಿನ ಹಿಂದೆ ಹೆತ್ತೆಯನ್ನು ಮಲಗಿಸಿಕೊಂಡು ಕೋಟಗಿರಿಯ ಆಸ್ಪತ್ರೆಗೆ ಹೊರಟೆವು, ಬೆಳ್ಳಿ ಅಜ್ಜರೂ ಮುಂದೆ ಭೋಜಣ್ಣನ ಪಕ್ಕ ಹತ್ತಿ ಕೂತರು. ಗಾಳಿ ಬಡಿಯುತ್ತಿತ್ತು. ನಾನು ನಾಡಿ ಹಿಡಿದು ಕೂತಿದ್ದೆ. ಅದು ನಿಂತರೆ ನಾನೂ ಇಲ್ಲಿಂದಲೇ ಹಾರಿಬಿಡುತ್ತೇನೆ ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನಿಸಿತ್ತು. ಅರ್ಧ ದಾರಿಯಲ್ಲಿ ಹೆತ್ತೆ ಕಣ್ಣು ತೆರೆದಳು. ಕೈ ಎತ್ತಿ ಬೆರಳು ನೋಡಿಕೊಂಡಳು, ಕೆಂಪಾಗಿತ್ತು.

"ರಕ್ತವಾ?"

"ಅಲ್ಲ ಹೆತ್ತೆ, ಆರೆಂಜು."

ಆ ಬೆರಳನ್ನು ನಾಲಿಗೆಗೆ ಸವರಿಕೊಂಡಳು. "ಸಕ್ಕರೆ ಜಾಸ್ತಿ," ಎಂದು ಮತ್ತೆ ಕಣ್ಣು ಮುಚ್ಚಿದಳು. ನಾನು ಅಳುತ್ತಾ ನಕ್ಕೆನೋ, ನಗುತ್ತಾ ಅತ್ತೆನೋ ಗೊತ್ತಿಲ್ಲ. ಸುಮತಿಯೂ ಹಾಗೇ ಮಾಡುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಮೂರು ಬಣ್ಣದ ರೋಗಿಯನ್ನು ನೋಡಿ ಒಂದು ಗಳಿಗೆ ತಬ್ಬಿಬ್ಬಾದರು. ಕೆಲಸವೆಲ್ಲ ಮುಗಿದು ಹೆತ್ತೆಯ ಕೈಗೆ ಡ್ರಿಪ್ ಇಳಿಯತೊಡಗಿದ ಮೇಲೆ ನಮ್ಮ ಕಡೆ ತಿರುಗಿದರು. ಇನ್ನು ಸ್ವಲ್ಪ ಹೊತ್ತು ಆ ಕಂಬಳಿಗಳ ಕೆಳಗೆ ಇದ್ದಿದ್ದರೆ ತರುವ ಕೆಲಸವೇ ಇರುತ್ತಿರಲಿಲ್ಲ ಎಂದರು. "ಬಿಸಿಲಿಗೆ ಬಿದ್ದವರಿಗೆ ಏಳು ಕಂಬಳಿ ಹೊದಿಸೋ ಬುದ್ಧಿ ಯಾರು ಹೇಳಿಕೊಟ್ಟಿದ್ದು?"

ನಾನು ಗೋಡೆ ನೋಡಿದೆ. ಹಿಂದಿನಿಂದ ಬೆಳ್ಳಿ ಅಜ್ಜ, ಹೊಗಳುವ ಸಂದರ್ಭ ಎಂದುಕೊಂಡು, ಎದೆಯುಬ್ಬಿಸಿ ಮುಂದೆ ಬಂದರು. "ನಂಗ ನರ್ಸಮ್ಮ ಸಾರ್! ಹಟ್ಟಿಗೆಲ್ಲ ಅವರೇ ಹೇಳಿಕೊಟ್ಟಿದ್ದು!"

ಡಾಕ್ಟರು ನನ್ನನ್ನೊಮ್ಮೆ ನೋಡಿ ಡ್ರಿಪ್ಪಿನ ಕಡೆ ತಿರುಗಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಊಟ ಸೇರಲಿಲ್ಲ. ಮಸಿನಗುಡಿಗೆ ವರ್ಗ ಕೇಳಿ ಒಂದು ಅರ್ಜಿ ಬರೆದೆ, ಹರಿದೆ, ಮತ್ತೆ ಬರೆದೆ. ಅದೇ ವಾರ ಆಚೆಯ ಹಟ್ಟಿಯಲ್ಲಿ ಕ್ಯಾರೆಟ್ ಕೀಳುತ್ತಿದ್ದ ಒಬ್ಬರು ಹೊಲದಲ್ಲೇ ತೀರಿಕೊಂಡರು. ವಯಸ್ಸಾಗಿತ್ತು ಎಂದರು ಎಲ್ಲರೂ. ಮೈ ಮುಟ್ಟಿ ನೋಡಿದವರು ಯಾರಾದರೂ ಇದ್ದರಾ ಎಂದು ಕೇಳಲು ಹೋಗಿ, ಬಾಗಿಲವರೆಗೆ ಹೋಗಿ, ವಾಪಸು ಬಂದೆ. ಅವರ ಮನೆಯಲ್ಲೂ ನನ್ನ ಸೂತ್ರ ಹೇಳಿಸಿದ್ದೆ. ಅಲ್ಲಿ ಎಷ್ಟು ಕಂಬಳಿ ಹೊದಿಸಿದ್ದರು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮೂರನೆಯ ವಾರ ಹೆತ್ತೆ ಮನೆಗೆ ಬಂದಳು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಕಾಲು ಊದಿತ್ತು. ಇನ್ನು ತೋಟಕ್ಕಿಳಿಯಬಾರದು ಎಂದಿದ್ದರು, ಇಳಿಯಲೂ ಇಲ್ಲ. ನಾನು ಹೋದಾಗ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು, ಕತ್ತರಿಸಿದ ಮದುವೆ ಸ್ವೆಟರನ್ನು ಸೂಜಿಯಿಂದ ಕೂಡಿಸುತ್ತಾ. ನಾನು ಕೆಳಗೆ ಕೂತು, ಬರುವ ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದೆ: "ಹೆತ್ತೆ, ಆ ಕಂಬಳಿ ಹೊದಿಸಿದ್ದು ಅವರಲ್ಲ, ನಾನು. ನನ್ನಿಂದ ನೀವು ಸಾಯ್ತಾ ಇದ್ದಿರಿ."

ಅವಳು ಸೂಜಿ ನಿಲ್ಲಿಸಲಿಲ್ಲ. "ಎನಗ ಗೊತ್ತಿತ್ತು ಕೂಸೇ."

"ಏನು ಗೊತ್ತಿತ್ತು?"

"ಮೊದಲು ಚಳಿ ಅನ್ನಿಸಿದ್ದು ನಿಜ. ಮೂರನೇ ಕಂಬಳಿಗೆ ಗೊತ್ತಾತು ಇದು ಚಳಿ ಅಲ್ಲ ಅಂತ. ಒಲೆ ಒಳಗೆ ಕೂರಿಸಿದ ಹಾಗಿತ್ತು. ಅಷ್ಟೊತ್ತಿಗೆ ಬುದ್ಧಿ ಇನ್ನೂ ನೆಟ್ಟಗಿತ್ತು."

ಬೆಟ್ಟದವಳ ಬಿಗುಮಾನ, ಬಿಸಿಲಿಗೆ ಬಿದ್ದೆ ಎನ್ನಲು ನಾಚಿಕೆ ಎಂದುಕೊಂಡೆ. "ಗೊತ್ತಿದ್ದರೆ ಒದ್ದು ಬಿಸಾಕಬಾರದಿತ್ತಾ ಹೆತ್ತೆ? ಯಾಕೆ ಸುಮ್ಮನಿದ್ದಿರಿ?"

"ಹೇಗೆ ಬಿಸಾಕಲಿ?" ಎಂದಳು, ನನಗೇ ಬುದ್ಧಿ ಇಲ್ಲವೇನೋ ಎಂಬಂತೆ ನೋಡಿ. "ಹಟ್ಟಿ ಹೆಂಗಸರೆಲ್ಲ ನಿಂತಿದ್ದರು. ಬೆಳ್ಳಿ ನಿಂತಿದ್ದ. ಮಾದಿ ನರ್ಸಮ್ಮನ ಕಂಬಳಿ ಒದ್ದಳು ಅಂದರೆ ನಾಳೆಯಿಂದ ನಿನ್ನ ಮಾತು ಯಾರು ಕೇಳ್ತಾರೆ? ಈಗಷ್ಟೇ ಕೇಳೋಕೆ ಶುರು ಮಾಡಿದ್ದರು. ನೀ ಬರೋವರೆಗೆ ತಡಕೊಂಡರೆ ಆತು ಅಂದುಕೊಂಡೆ."

ನನ್ನ ಒಂದು ಮಾತ್ರೆಯನ್ನೂ ನುಂಗದವಳು. ಅವಳ ಊದಿದ ಪಾದದ ಮೇಲೆ ಕೈಯಿಟ್ಟು ಕೂತುಬಿಟ್ಟೆ. ಅವಳು 'ಏಳು, ಏಳು' ಎಂದು ಭುಜ ತಟ್ಟಿದಳು.

"ಈಗ ಹೋಗಿ ತಪ್ಪಾತು ಅಂತ ಹೇಳು. ನಾ ಬದುಕಿದ್ದೀನಲ್ಲ, ನಂಬ್ತಾರೆ."

"ಯಾರೂ ನಂಬಲ್ಲ ಹೆತ್ತೆ. ಬೆಳ್ಳಿ ಅಜ್ಜ ಇನ್ನೂ ಜಗಳಾಡ್ತಿದ್ದಾರೆ."

"ಹಂಗಾದರೆ ನಾನೂ ಬರ್ತೀನಿ."

ಬೇಡವೆಂದರೂ ಕೇಳಲಿಲ್ಲ. ಹೊತ್ತಿಳಿದ ಮೇಲೆ, ದಿನಕ್ಕೆ ಮೂರೇ ಮನೆ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ಮಳೆ ಇನ್ನೂ ಬಂದಿರಲಿಲ್ಲ. ಸಂಜೆ ಐದಕ್ಕೂ ತಗಡುಗಳು ಕಾದೇ ಇರುತ್ತಿದ್ದವು. ಹೆತ್ತೆ ಒಂದು ಕೈಯಲ್ಲಿ ಕೋಲು, ಇನ್ನೊಂದು ನನ್ನ ಭುಜದ ಮೇಲೆ, ಮೈಮೇಲೆ ಹೊಲಿದು ಕೂಡಿಸಿದ ಆ ಸ್ವೆಟರು. ಮೊದಲ ಮನೆ ಬೆಳ್ಳಿ ಅಜ್ಜರದ್ದು. ಎಲ್ಲರೂ ಹೊರಗೆ ಬಂದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಹೆತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಹಟ್ಟಿಯ ಗಂಡಸರು ಹೆಂಗಸರು ಎಲ್ಲರ ಎದುರು ಟೋಪಿ ತೆಗೆದಳು, ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ತೋಳು ಎಳೆದು ತೆಗೆದು ಜಗಲಿಯ ಮೇಲೆ ಹಾಕಿದಳು.

"ನಾ ಬಿಸ್ಲಿಗೇ ಬಿದ್ದಿದ್ದು," ಎಂದಳು. "ನೋಡಿಕೊಳ್ಳಿ. ಹೀಗೆ ಬಿಚ್ಚೋದು."

ಬೆಳ್ಳಿ ಅಜ್ಜ ತಮ್ಮ ಟೋಪಿಯನ್ನು ಮುಟ್ಟಿ ನೋಡಿಕೊಂಡರು. ನಾನು ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಹೆತ್ತೆ ಕಿತ್ತುಕೊಂಡು ಮತ್ತೆ ತೋಳು ತೂರಿಸತೊಡಗಿದಳು.

"ಹೆತ್ತೆ, ಮತ್ತೆ ಯಾಕೆ? ಸೆಕೆಯಲ್ಲವಾ? ಹೀಗೇ ನಡೀರಿ."

"ಹೀಗೇ ಹೋದರೆ ಬಿಚ್ಚೋದನ್ನ ಆ ಮನೆಯವರು ಹೇಗೆ ನೋಡ್ತಾರೆ?" ಎಂದು ಗುಂಡಿ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು, ನನ್ನ ಭುಜ ಹಿಡಿದು ಮುಂದಿನ ಬಾಗಿಲ ಕಡೆ ಹೊರಟಳು.